ಗ್ಲಾಸ್ಗೋದಲ್ಲಿ ಬಾಡಿಗೆ ಮನೆ ಹಿಡಿಯುವಾಗ

ಬೀಗದ ಕೈ ಸಿಕ್ಕಿ ಎಂಟು ವಾರವಾಯಿತು. ಠೇವಣಿ ಸರಿಯಾದ ಜಾಗಕ್ಕೆ ಸೇರಿದೆ ಎಂಬ ಇಮೇಲ್ ಮೊನ್ನೆ ಬಂತು. ಅಲ್ಲಿಗೆ ಎಲ್ಲ ಮುಗಿದಂತೆ. ಮುಂದಿನ ಸೆಪ್ಟೆಂಬರ್‌ಗೆ ಓದಲಿಕ್ಕೋ ಕೆಲಸಕ್ಕೋ ಗ್ಲಾಸ್ಗೋಗೆ ಬರುವವರು ಇಷ್ಟೇ ಗೊಂದಲ ಪಡಬೇಕಾಗಿಲ್ಲ ಎಂದು ಇದನ್ನು ಬರೆದಿಡುತ್ತಿದ್ದೇನೆ. ಮೊದಲ ಮಾತು: ಲಂಡನ್ನಿನ ಗೆಳೆಯರು, ಬರ್ಮಿಂಗ್‌ಹ್ಯಾಮಿನ ಭಾವ ಕೊಡುವ ಸಲಹೆಯನ್ನು ಗೌರವದಿಂದ ಕೇಳಿ ಬಿಟ್ಟುಬಿಡಿ. ಬಾಡಿಗೆ ಕಾನೂನಿನ ಮಟ್ಟಿಗೆ ಸ್ಕಾಟ್ಲೆಂಡ್ ಬೇರೆಯದೇ ದೇಶ. ಇಂಗ್ಲೆಂಡಿನಲ್ಲಿ ಮನೆ ಕೊಡುವ ಮೊದಲು ವೀಸಾ ತಪಾಸಣೆ ಮಾಡುವುದು ಮಾಲೀಕರಿಗೆ ಕಡ್ಡಾಯ, ಇಲ್ಲಿ ಆ ನಿಯಮವಿಲ್ಲ. ಇಲ್ಲಿ ಇರುವ ಕೆಲವು ನಿಯಮಗಳು ಅಲ್ಲಿಲ್ಲ.

ನಮ್ಮ ಮೊದಲ ಎರಡು ವಾರ ವ್ಯರ್ಥವಾದದ್ದು ಅಂಥ ಒಂದು ನಿಯಮ ಗೊತ್ತಿಲ್ಲದೆ. ಮೂವರು ಸೇರಿ ಮೂರು ಕೋಣೆಯ ಮನೆ ಹುಡುಕುತ್ತಿದ್ದೆವು. ಏಜೆಂಟರು ಚೆನ್ನಾಗಿಯೇ ಮಾತಾಡುತ್ತಿದ್ದರು. "ನೀವು ಮೂವರೂ ಸಂಬಂಧಿಕರೇ?" ಎಂದು ಕೇಳಿ, ಅಲ್ಲ ಎಂದ ಮೇಲೆ ಮತ್ತೆ ಫೋನ್ ಮಾಡುತ್ತಿರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಒಂದೇ ಕುಟುಂಬಕ್ಕೆ ಸೇರದ ಮೂವರು ಅಥವಾ ಅದಕ್ಕಿಂತ ಹೆಚ್ಚು ಜನ ಅಡುಗೆಮನೆ, ಬಚ್ಚಲು ಹಂಚಿಕೊಂಡು ಇರಬೇಕಾದರೆ ಆ ಮನೆಗೆ ನಗರಸಭೆಯಿಂದ ಎಚ್‌ಎಂಒ ಪರವಾನಗಿ ಬೇಕು. ಇಬ್ಬರಾದರೆ ಬೇಡ. ಕೋಣೆ ಎಷ್ಟಿವೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ತಲೆ ಎಷ್ಟು ಎಂಬುದೇ ಲೆಕ್ಕ. ಆದ್ದರಿಂದ ಮೂವರಿದ್ದರೆ ಜಾಹೀರಾತಿನಲ್ಲಿ ಎಚ್‌ಎಂಒ ಎಂಬ ಮೂರಕ್ಷರ ಇದೆಯೇ ಎಂದು ಮೊದಲು ನೋಡಿ, ಇಲ್ಲದಿದ್ದರೆ ಮುಂದಿನ ಮನೆಗೆ ಹೋಗಿ. "ಇಬ್ಬರ ಹೆಸರು ಬರೆಸಿ, ಮೂರನೆಯವರು ಸುಮ್ಮನೆ ಇರಲಿ" ಎನ್ನುವವರು ಸಿಗುತ್ತಾರೆ. ಒಪ್ಪಬೇಡಿ. ಆ ಮೂರನೆಯವರಿಗೆ ವಿಳಾಸದ ದಾಖಲೆ ಇರುವುದಿಲ್ಲ, ಠೇವಣಿಯ ಮೇಲೆ ಹಕ್ಕೂ ಇರುವುದಿಲ್ಲ.

ತಲೆ ಎಣಿಸುವುದು ಈ ಊರಿಗೆ ಹಳೆಯ ಅಭ್ಯಾಸ. ಕಾರ್ಖಾನೆ, ಹಡಗುಕಟ್ಟೆಗಳಿಗೆ ಜನ ಬಂದು ತುಂಬಿದ ಕಾಲದಲ್ಲಿ, 1862ರ ಕಾಯ್ದೆಯ ಅಡಿ, ಸಣ್ಣ ಮನೆಗಳ ಬಾಗಿಲಿಗೆ ತಗಡಿನ ಟಿಕೆಟ್ ಹೊಡೆಯುತ್ತಿದ್ದರು. ಒಳಗೆ ಎಷ್ಟು ಘನ ಅಡಿ ಜಾಗವಿದೆ, ಎಷ್ಟು ಜನ ಮಲಗಬಹುದು ಎಂದು ಅದರ ಮೇಲೆ ಬರೆದಿರುತ್ತಿತ್ತು. ದೊಡ್ಡವರಿಗೆ ತಲೆಗೆ 300 ಘನ ಅಡಿ, ಎಂಟು ವರ್ಷದೊಳಗಿನ ಮಕ್ಕಳಿಗೆ ಅದರರ್ಧ. ಇನ್ಸ್‌ಪೆಕ್ಟರುಗಳು ನಡುರಾತ್ರಿ ಬಂದು ಬಾಗಿಲು ತಟ್ಟಿ ಎಣಿಸುತ್ತಿದ್ದರು. ಈಗ ಟಿಕೆಟ್ ಇಲ್ಲ, ಪರವಾನಗಿ ಇದೆ.

ಕೊನೆಗೆ ನಮ್ಮಲ್ಲೊಬ್ಬರು ವಿದ್ಯಾರ್ಥಿ ನಿಲಯ ಸೇರಿದರು, ಇಬ್ಬರು ಮನೆ ಹುಡುಕಿದೆವು. ಹುಡುಕಾಟ ಸುಲಭವಾದದ್ದು ಅಲ್ಲಿಂದ.

ಜಾಹೀರಾತು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ಪ್ರತಿ ಜಾಹೀರಾತಿನಲ್ಲೂ ಮಾಲೀಕರ ನೋಂದಣಿ ಸಂಖ್ಯೆ ಇರಲೇಬೇಕು. ಏಜೆಂಟ್ ಇದ್ದರೆ ಎಲ್‌ಎಆರ್‌ಎನ್ ಎಂದು ಶುರುವಾಗುವ ಅವರ ಸಂಖ್ಯೆಯೂ ಇರಬೇಕು. ಎರಡನ್ನೂ ಸರ್ಕಾರಿ ಪಟ್ಟಿಯಲ್ಲಿ ಯಾರು ಬೇಕಾದರೂ ಪುಕ್ಕಟೆಯಾಗಿ ಹುಡುಕಬಹುದು. ಮನೆಯ ವಿಳಾಸ ಹಾಕಿದರೆ ನೋಂದಣಿ ಇದೆಯೋ ಇಲ್ಲವೋ ತಿಳಿಯುತ್ತದೆ. "ನಾನು ವಿದೇಶದಲ್ಲಿದ್ದೇನೆ, ದುಡ್ಡು ಕಳಿಸಿ, ಕೀಲಿಕೈ ಅಂಚೆಯಲ್ಲಿ ಬರುತ್ತದೆ" ಎನ್ನುವವರನ್ನು ಬಯಲು ಮಾಡಲು ಈ ಐದು ನಿಮಿಷದ ಹುಡುಕಾಟ ಸಾಕು. ಊರಿನಿಂದಲೇ ಮನೆ ಗೊತ್ತುಮಾಡುವ ಅನಿವಾರ್ಯತೆ ಇದ್ದರೆ, ಇಲ್ಲಿರುವ ಯಾರಾದರೂ ಒಳಗೆ ಹೋಗಿ ವಿಡಿಯೋ ಕಾಲ್ ಮಾಡುವವರೆಗೆ ಒಂದು ಪೆನ್ನಿಯನ್ನೂ ಕಳಿಸಬೇಡಿ.

ವಿಳಾಸದಲ್ಲಿ 2/1 ಎಂದು ಕಂಡರೆ ಗಾಬರಿ ಬೇಡ. ಮೊದಲ ಅಂಕಿ ಮಹಡಿ, ಎರಡನೆಯದು ಬಾಗಿಲು. ನೆಲಮಹಡಿ 0. ಮೆಟ್ಟಿಲು ಹತ್ತಿ ಬಂದು ನಿಂತಾಗ ಎಡಗಡೆಯ ಬಾಗಿಲು 1, ಅಲ್ಲಿಂದ ಗಡಿಯಾರದ ಮುಳ್ಳಿನ ದಿಕ್ಕಿಗೆ 2, 3. ಆದ್ದರಿಂದ 2/1 ಎಂದರೆ ಎರಡನೇ ಮಹಡಿಯ ಎಡಬದಿ ಮನೆ. ಅದರ ಮುಂದೆ ಇರುವುದು ಕಟ್ಟಡದ ಸಂಖ್ಯೆ. ಬ್ಯಾಂಕಿನ, ವಿದ್ಯುತ್ ಕಂಪನಿಯ ಕೆಲವು ಫಾರ್ಮುಗಳು ಈ ಓರೆಗೆರೆಯನ್ನು ಒಪ್ಪುವುದಿಲ್ಲ. ಆಗ "ಫ್ಲಾಟ್ 2-1" ಎಂದು ಬರೆಯಬೇಕಾಗುತ್ತದೆ. ಯಾವ ರೂಪ ಬಳಸಿದರೂ ಎಲ್ಲ ಕಡೆ ಅದನ್ನೇ ಬಳಸಿ. ಬ್ಯಾಂಕಿನಲ್ಲೊಂದು, ವಿಶ್ವವಿದ್ಯಾಲಯದಲ್ಲೊಂದು ಇದ್ದರೆ ವಿಳಾಸದ ಪುರಾವೆ ಕೇಳುವಾಗ ತಕರಾರು.

ಈಗ ಕಟ್ಟಡದ ವಿಷಯ. ನೀವು ನೋಡುವ ಮನೆಗಳಲ್ಲಿ ಹೆಚ್ಚಿನವು ಟೆನೆಮೆಂಟ್. ನೂರು ನೂರೈವತ್ತು ವರ್ಷ ಹಳೆಯ, ಮರಳುಗಲ್ಲಿನ, ಮೂರು ನಾಲ್ಕು ಅಂತಸ್ತಿನ ಸಾಲು. ಬೀದಿಯಿಂದ ಒಳಗೆ ಹೋಗುವ ಹಾದಿ ಮತ್ತು ಮೆಟ್ಟಿಲಿಗೆ ಇಲ್ಲಿ "ಕ್ಲೋಸ್" ಎನ್ನುತ್ತಾರೆ. ಒಂದು ಕ್ಲೋಸಿಗೆ ಸಾಮಾನ್ಯವಾಗಿ ಎಂಟು ಮನೆ. ಜೇನುಬಣ್ಣದ ಕಲ್ಲು ಊರ ಸುತ್ತಲಿನ ಗಣಿಗಳದು. ಕೆಂಪು ಕಲ್ಲು 1890ರ ಈಚೆಗೆ ಡಂಫ್ರೀಸ್ ಕಡೆಯಿಂದ, ಏರ್‌ಶೈರ್‌ನಿಂದ ರೈಲಿನಲ್ಲಿ ಬಂದದ್ದು. ಹಾಗಾಗಿ ಕಟ್ಟಡದ ಬಣ್ಣ ನೋಡಿಯೇ ಅದರ ವಯಸ್ಸನ್ನು ಒಂದು ಮಟ್ಟಿಗೆ ಹೇಳಬಹುದು. ಕ್ಲೋಸಿನ ಗೋಡೆಗೆ ಹೊಳೆಯುವ ಬಣ್ಣದ ಟೈಲ್ಸ್ ಇದ್ದರೆ ಅದು "ವಾಲಿ ಕ್ಲೋಸ್". ವಾಲಿ ಎಂದರೆ ಸ್ಕಾಟ್ಸ್ ಮಾತಿನಲ್ಲಿ ಪಿಂಗಾಣಿ. ಒಂದು ಕಾಲದಲ್ಲಿ ಅನುಕೂಲಸ್ಥರ ಗುರುತು ಅದು. ಈಗಲೂ ಏಜೆಂಟರು ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಟೈಲ್ಸ್ ನೋಡಿ ಮರುಳಾಗಬೇಡಿ, ನೋಡಬೇಕಾದದ್ದು ಬೇರೆ ಇದೆ.

ಗೋಡೆ ಸುಮಾರು ಎರಡಡಿ ದಪ್ಪದ ಗಟ್ಟಿ ಕಲ್ಲು. ಈಗಿನ ಕಟ್ಟಡಗಳಲ್ಲಿ ಎರಡು ಪದರದ ನಡುವೆ ಬಿಡುವ ಟೊಳ್ಳು ಇದರಲ್ಲಿಲ್ಲ. ಚಳಿಗಾಲದಲ್ಲಿ ಕಲ್ಲು ತಣ್ಣಗಾಗುತ್ತದೆ. ಅನ್ನ ಬೇಯಿಸಿದ ಹಬೆ, ಸ್ನಾನದ ಹಬೆ, ಒಳಗೆ ಒಣಹಾಕಿದ ಬಟ್ಟೆಯ ತೇವ ಎಲ್ಲವೂ ಹೋಗಿ ಅದರ ಮೇಲೆ ಕೂರುತ್ತವೆ. ಎರಡೇ ವಾರದಲ್ಲಿ ಮೂಲೆಯಲ್ಲಿ ಕಪ್ಪು ಬೂಷ್ಟು. ಹಾಗಾಗಿ ಮನೆ ನೋಡಲು ಹೋದಾಗ ಹೊರಗೋಡೆಗೆ ತಾಗಿದ ಬೀರುವಿನ ಹಿಂದೆ ಇಣುಕಿ, ಬೀದಿಯ ಕಡೆ ಹೊರಚಾಚಿದ ಬೇ ಕಿಟಕಿಯ ಕೆಳಗೆ ಕೈಯಾಡಿಸಿ, ಗೋಡೆಯೊಳಗಿನ ಕಪಾಟಿನ ಬಾಗಿಲು ತೆರೆದು ಮೂಸಿ. ಆ ಕಪಾಟಿಗೆ ಇಲ್ಲಿ "ಪ್ರೆಸ್" ಎನ್ನುತ್ತಾರೆ. ಸಾಮಾನು ಪಟ್ಟಿಯಲ್ಲಿ ಆ ಪದ ಬಂದರೆ ಇಸ್ತ್ರಿಪೆಟ್ಟಿಗೆ ಎಂದುಕೊಳ್ಳಬೇಡಿ. ಹೊಸದಾಗಿ ಬಳಿದ ಬಣ್ಣ ಒಂದೇ ಮೂಲೆಯಲ್ಲಿದ್ದರೆ ಯಾಕೆ ಎಂದು ಕೇಳಿ.

ಸಾಲಿನ ತುದಿಯ ಮನೆಗೆ ಒಂದು ಗೋಡೆ ಹೆಚ್ಚಾಗಿ ಗಾಳಿಗೆ ತೆರೆದಿರುತ್ತದೆ, ಹೀಟಿಂಗ್ ಬಿಲ್ಲೂ ಅದಕ್ಕೆ ತಕ್ಕಂತೆ. ಕೊನೆಯ ಮಹಡಿಯಲ್ಲಿ ಬೆಳಕು ಚೆನ್ನ, ಆದರೆ ಮಾಡು ಸೋರಿದರೆ ರಿಪೇರಿಗೆ ಆ ಕ್ಲೋಸಿನ ಮಾಲೀಕರೆಲ್ಲ ಸೇರಿ ತೀರ್ಮಾನಿಸಬೇಕು. ಬಹುಮತ ಸಾಕು ಎಂದು 2004ರ ಟೆನೆಮೆಂಟ್ ಕಾಯ್ದೆ ಹೇಳುತ್ತದೆ, ಆದರೆ ಎಂಟು ಜನರನ್ನು ಹುಡುಕಿ ಒಪ್ಪಿಸುವಷ್ಟರಲ್ಲಿ ನಿಮ್ಮ ಬಕೆಟ್ ತುಂಬಿರುತ್ತದೆ. ನೆಲಮಹಡಿಯಲ್ಲಿ ಹಲಗೆಯ ಕೆಳಗಿನಿಂದ ಚಳಿ. ಸಾಲಿನ ಮಧ್ಯದ ಕಟ್ಟಡದಲ್ಲಿ ಒಂದನೇ ಅಥವಾ ಎರಡನೇ ಮಹಡಿ ಸಿಕ್ಕರೆ ಬಿಡಬೇಡಿ. ಸುತ್ತಲಿನವರು ಕಾಯಿಸಿದ ಬಿಸಿ ನಿಮಗೂ ಬರುತ್ತದೆ.

ಅಡುಗೆಮನೆಯ ಗೋಡೆಯಲ್ಲಿ ಮಂಚದಗಲದ ಒಂದು ಗೂಡು ಕಂಡರೆ ಅದು ಹಳೆಯ ಮಲಗುವ ಜಾಗ. ಒಲೆಯ ಬಿಸಿಗೆ ಮನೆಯವರು ಅಲ್ಲೇ ಮಲಗುತ್ತಿದ್ದರು. ಈಗ ಕೆಲವರು ಅಲ್ಲಿ ಊಟದ ಮೇಜಿಟ್ಟಿದ್ದಾರೆ, ಕೆಲವರು ಕಿಟಕಿಯಿಲ್ಲದ ಬಚ್ಚಲು ಕಟ್ಟಿದ್ದಾರೆ. ಎರಡನೆಯದಾದರೆ ಗಾಳಿ ಎಳೆಯುವ ಫ್ಯಾನ್ ಹಾಕಿ ಒಂದು ಟಿಶ್ಯೂ ಕಾಗದ ಹಿಡಿದು ನೋಡಿ. ಕಾಗದ ಅಂಟಿಕೊಳ್ಳದಿದ್ದರೆ ಆ ಫ್ಯಾನ್ ಬರೀ ಸದ್ದಿಗೆ. ಈ ಗೂಡುಗಳು ಮೊದಲು ಹೇಗಿದ್ದವು ಎಂದು ನೋಡಬೇಕಾದರೆ ಗಾರ್ನೆಟ್‌ಹಿಲ್‌ನ 145 ಬಕ್ಲೂ ಸ್ಟ್ರೀಟ್‌ಗೆ ಹೋಗಿ. ಆಗ್ನೆಸ್ ಟೊವರ್ಡ್ ಎಂಬ ಟೈಪಿಸ್ಟ್ 1911ರಿಂದ 1965ರವರೆಗೆ ವಾಸವಿದ್ದ ಮನೆ ಈಗ ಮ್ಯೂಸಿಯಂ. ಆಕೆ ಏನನ್ನೂ ಎಸೆದವರಲ್ಲ. 1960ರವರೆಗೂ ಆ ಮನೆಯಲ್ಲಿ ಗ್ಯಾಸ್ ದೀಪವೇ ಉರಿಯುತ್ತಿತ್ತು. ಮನೆ ಹುಡುಕುವ ಮೊದಲೇ ಹೋಗಿಬಂದರೆ ಏಜೆಂಟರ ಜೊತೆ ಮಾತಾಡಲು ಪದಗಳೂ ಸಿಗುತ್ತವೆ. ಚಳಿಗಾಲದಲ್ಲಿ ಮುಚ್ಚಿರುವುದುಂಟು, ದಿನ ವಿಚಾರಿಸಿ ಹೋಗಿ.

ಬಡಾವಣೆಯ ಆಯ್ಕೆಗೆ ಹೆಚ್ಚು ಹೇಳುವುದಿಲ್ಲ. ಗ್ಲಾಸ್ಗೋ ವಿಶ್ವವಿದ್ಯಾಲಯ ಹಿಲ್‌ಹೆಡ್‌ನಲ್ಲಿದೆ, ಸುತ್ತಲೂ ಬಾಡಿಗೆ ಏರು. ಪಾರ್ಟಿಕ್‌ನಲ್ಲಿ ರೈಲು, ಸಬ್‌ವೇ ಎರಡೂ ಒಂದೇ ಕಡೆ. ಪೂರ್ವದ ಡೆನಿಸ್ಟನ್‌ಗೆ ರೈಲಿದೆ, ಸಬ್‌ವೇ ಇಲ್ಲ. 1896ರಲ್ಲಿ ಶುರುವಾದ ಆ ಸಬ್‌ವೇ ಹದಿನೈದು ನಿಲ್ದಾಣದ ಒಂದೇ ಸುತ್ತು. ನದಿಯ ಎರಡೂ ಬದಿ ಮುಟ್ಟುತ್ತದೆ, ಆದರೆ ಪೂರ್ವಕ್ಕೆ ಹೋಗುವುದೇ ಇಲ್ಲ. ಭಾನುವಾರ ಬೇಗ ಮುಚ್ಚುವುದರಿಂದ ಭಾನುವಾರದ ಪಾಳಿ ಕೆಲಸ ಮಾಡುವವರು ಬಸ್ ದಾರಿ ನೋಡಿ ಮನೆ ಹಿಡಿಯಿರಿ. ನಿಮಗೆ 22 ತುಂಬಿಲ್ಲವಾದರೆ ಬಸ್ ಪುಕ್ಕಟೆ, ಆದರೆ ಅದಕ್ಕೆ ಕಾರ್ಡ್ ಮಾಡಿಸಬೇಕು. ದಕ್ಷಿಣದ ಪೊಲೊಕ್‌ಶೀಲ್ಡ್ಸ್, ಗೋವನ್‌ಹಿಲ್ ಕಡೆ ಏಷ್ಯಾದವರ ದಿನಸಿ ಅಂಗಡಿಗಳಿವೆ. ತೊಗರಿಬೇಳೆ, ಕರಿಬೇವು, ಹುಣಸೆಹಣ್ಣಿಗೆ ಎಲ್ಲಿದ್ದರೂ ಆ ಕಡೆ ಒಂದು ಸುತ್ತು ತಪ್ಪದು.

ಕಾಗದಪತ್ರ. ಪಾಸ್‌ಪೋರ್ಟ್, ಇ-ವೀಸಾದ ಶೇರ್ ಕೋಡ್, ವಿಶ್ವವಿದ್ಯಾಲಯದ ಅಥವಾ ಕೆಲಸದ ಪತ್ರ, ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಹಿಂದಿನ ಮಾಲೀಕರಿಂದ ಒಂದು ಪತ್ರ. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿ ಫೋನಿನಲ್ಲಿಟ್ಟುಕೊಳ್ಳಿ. ಆಗಸ್ಟ್, ಸೆಪ್ಟೆಂಬರಿನಲ್ಲಿ ಬೆಳಿಗ್ಗೆ ಬಂದ ಜಾಹೀರಾತು ಸಂಜೆಗೆ ಇರುವುದಿಲ್ಲ. ಮನೆ ನೋಡಿ ಹೊರಬಿದ್ದವರು ಕ್ಲೋಸಿನ ಬಾಗಿಲಲ್ಲೇ ನಿಂತು ಅರ್ಜಿ ಕಳಿಸುತ್ತಾರೆ. ರಾತ್ರಿ ಯೋಚಿಸಿ ಬೆಳಿಗ್ಗೆ ಬರೆದವರಿಗೆ "ಸಾರಿ" ಎಂಬ ಉತ್ತರ ಗ್ಯಾರಂಟಿ.

ದೊಡ್ಡ ತಡೆ ಗ್ಯಾರಂಟರ್ ರೂಪದಲ್ಲಿ ಬರುತ್ತದೆ. ಬಾಡಿಗೆ ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಎನ್ನುವ, ಬ್ರಿಟನ್ನಿನಲ್ಲೇ ಇರುವ, ಸಂಬಳವೋ ಸ್ವಂತ ಮನೆಯೋ ಇರುವ ಒಬ್ಬರು ಬೇಕು ಎನ್ನುತ್ತಾರೆ. ಊರಲ್ಲಿರುವ ಅಪ್ಪನ ಸಹಿ ನಡೆಯುವುದಿಲ್ಲ. ಕೆಲವು ವಿಶ್ವವಿದ್ಯಾಲಯಗಳು ತಾವೇ ಗ್ಯಾರಂಟರ್ ಆಗುತ್ತವೆ, ಮೊದಲು ಅಲ್ಲಿ ಕೇಳಿ. ಶುಲ್ಕ ಪಡೆದು ನಿಲ್ಲುವ ಕಂಪನಿಗಳೂ ಇವೆ. ಮೂರನೆಯ ದಾರಿ ಕೆಲವು ತಿಂಗಳ ಬಾಡಿಗೆಯನ್ನು ಮುಂಗಡ ಕಟ್ಟುವುದು. ಆರು ತಿಂಗಳಿಗಿಂತ ಹೆಚ್ಚು ಮುಂಗಡ ಕೇಳುವಂತಿಲ್ಲ. ಒಬ್ಬ ಏಜೆಂಟ್ ಹನ್ನೆರಡು ತಿಂಗಳದ್ದು ಕೇಳಿದರು, ನಿಯಮ ಹೇಳಿದ ಮೇಲೆ ಆರಕ್ಕೆ ಇಳಿದರು.

ಠೇವಣಿ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚಿರುವಂತಿಲ್ಲ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ಅಗ್ಗವೆನಿಸೀತು. ಬಾಡಿಗೆ 1000 ಪೌಂಡ್ ಇದ್ದು, ಹಲವು ತಿಂಗಳ ಮುಂಗಡ ಕೇಳದಿದ್ದರೆ ಮೊದಲ ದಿನಕ್ಕೆ ಹೆಚ್ಚೆಂದರೆ 3000 ಕೈಯಲ್ಲಿರಬೇಕು: ಒಂದು ತಿಂಗಳ ಬಾಡಿಗೆ, ಎರಡು ತಿಂಗಳ ಠೇವಣಿ. ಅರ್ಜಿ ಶುಲ್ಕ, ಕಾಗದ ತಯಾರಿಸುವ ಶುಲ್ಕ, ರೆಫರೆನ್ಸ್ ಶುಲ್ಕ ಎಂದೆಲ್ಲ ಕೇಳಿದರೆ ಕೊಡಬೇಡಿ. ಬಾಡಿಗೆ ಮತ್ತು ವಾಪಸ್ ಬರುವ ಠೇವಣಿ, ಇವೆರಡನ್ನು ಬಿಟ್ಟು ಬೇರೇನನ್ನೂ ತೆಗೆದುಕೊಳ್ಳಲು ಸ್ಕಾಟ್ಲೆಂಡಿನಲ್ಲಿ ಅವಕಾಶವಿಲ್ಲ. ಊರಿನ ಬ್ಯಾಂಕಿನಿಂದ ನೇರ ಕಳಿಸುವುದಾದರೆ ನಡುವಿನ ಬ್ಯಾಂಕುಗಳ ಕಮಿಷನ್ ನೀವೇ ಭರಿಸುವ ಆಯ್ಕೆ ಹಾಕಿ. ಇಲ್ಲದಿದ್ದರೆ ಹದಿನೈದು ಇಪ್ಪತ್ತು ಪೌಂಡ್ ಕಡಿಮೆ ಮುಟ್ಟುತ್ತದೆ, ಅಷ್ಟಕ್ಕೇ ಕೀಲಿಕೈ ಎರಡು ದಿನ ತಡವಾಗುತ್ತದೆ.

2017ರ ಡಿಸೆಂಬರ್ 1ರಿಂದ ಇಲ್ಲಿನ ಕರಾರಿಗೆ ಕೊನೆಯ ದಿನಾಂಕವಿಲ್ಲ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಕರಾರು ಎಂಬ ನಮ್ಮ ಲೆಕ್ಕ ಇಲ್ಲಿಲ್ಲ. ನೀವು ಬಿಡಬೇಕಾದರೆ 28 ದಿನ ಮೊದಲು ಬರೆದು ತಿಳಿಸಿದರೆ ಸಾಕು. ಮಾಲೀಕರು ಬಿಡಿಸಬೇಕಾದರೆ ಕಾನೂನಿನಲ್ಲಿ ಪಟ್ಟಿ ಮಾಡಿದ ಕಾರಣಗಳಲ್ಲೊಂದನ್ನು ತೋರಿಸಬೇಕು. "ಹನ್ನೆರಡು ತಿಂಗಳು ಇರಲೇಬೇಕು" ಎಂದು ಬರೆದಿದ್ದರೂ ಅದಕ್ಕೆ ಬೆಲೆಯಿಲ್ಲ. ಇಬ್ಬರ ಹೆಸರಲ್ಲಿ ಕರಾರಿದ್ದರೆ ಮಾತ್ರ ಒಂದು ಎಚ್ಚರ: ಒಬ್ಬರೇ ನೋಟಿಸ್ ಕೊಟ್ಟರೆ ಕರಾರು ಮುಗಿಯುವುದಿಲ್ಲ, ಇಬ್ಬರೂ ಒಪ್ಪಬೇಕು. ಜಗಳವಾಡುವ ಸಾಧ್ಯತೆ ಇರುವವರ ಜೊತೆ ಸಹಿ ಹಾಕಬೇಡಿ. ಓದುವಾಗ "ಔಟ್‌ವಿತ್" ಎಂಬ ಪದ ಅಡ್ಡ ಬರುತ್ತದೆ, ಅಚ್ಚಿನ ತಪ್ಪಲ್ಲ. "ಅದರ ಹೊರಗೆ" ಎಂದು ಅರ್ಥ, ಇಲ್ಲಿನ ವಕೀಲರೂ ಗುಮಾಸ್ತರೂ ಸಲೀಸಾಗಿ ಬಳಸುತ್ತಾರೆ.

ಕೀಲಿಕೈ ಕೊಡುವ ದಿನ ಏಜೆಂಟ್ "ದಟ್ಸ್ ಯೂ" ಎಂದರು. ನಾನು ಮುಂದಿನ ಮಾತಿಗೆ ಕಾಯುತ್ತಾ ನಿಂತೆ. ಅಷ್ಟೇ, ನಿಮ್ಮ ಕೆಲಸ ಮುಗಿಯಿತು, ಹೊರಡಬಹುದು ಎಂದರ್ಥ. ಕೈಗೆ ಮೂರು ಕೀಲಿ ಬಂದವು: ಕ್ಲೋಸಿನದೊಂದು, ಮನೆಬಾಗಿಲಿನ ಆಳದ ಬೀಗದ್ದೊಂದು, ಮೇಲಿನ ಯೇಲ್ ಬೀಗದ್ದೊಂದು. ಯೇಲ್ ಬೀಗ ಬಾಗಿಲು ಮುಚ್ಚಿದೊಡನೆ ತಾನೇ ಬಿದ್ದುಬಿಡುತ್ತದೆ. ಕಸ ಹಾಕಲು ಚಪ್ಪಲಿಯಲ್ಲಿ ಕೆಳಗಿಳಿದವರು ಚಳಿಯಲ್ಲಿ ಬೀಗದವನಿಗಾಗಿ ಕಾದದ್ದುಂಟು. ಕೀಲಿ ಜೇಬಿನಲ್ಲಿ ಇಲ್ಲದೆ ಹೊಸ್ತಿಲು ದಾಟಬೇಡಿ.

ಸಾಮಾನು ಒಳಗಿಡುವ ಮೊದಲು ಮಾಡಬೇಕಾದದ್ದು ಫೋಟೋ. ವಿದ್ಯುತ್ ಮೀಟರು, ಗ್ಯಾಸ್ ಮೀಟರಿನ ಅಂಕಿ, ಪ್ರತಿ ಗೋಡೆ, ಹಾಸಿಗೆಯ ಎರಡೂ ಬದಿ, ಓವನ್ನಿನ ಒಳಗು. ಮೀಟರ್ ಮನೆಯೊಳಗೇ ಇರಬೇಕೆಂದಿಲ್ಲ, ಕ್ಲೋಸಿನ ಗೋಡೆಗೂಡಿನಲ್ಲಿ ಇದ್ದೀತು. ಏಜೆಂಟ್ ಕಳಿಸಿದ ಸಾಮಾನು ಪಟ್ಟಿಯ ಜೊತೆ ಹೋಲಿಸಿ, ವ್ಯತ್ಯಾಸವನ್ನು ಅವರು ಕೊಟ್ಟ ಗಡುವಿನೊಳಗೆ ಬರೆದು ಕಳಿಸಿ. ಬಿಡುವ ದಿನ ಠೇವಣಿಯಲ್ಲಿ ಕಡಿತ ಮಾಡಲು ಬಂದಾಗ ಮಾತಾಡುವುದು ಈ ಫೋಟೋಗಳೇ.

ಸ್ನಾನಕ್ಕೆ ಬಿಸಿನೀರು ಬರದಿದ್ದರೆ ರಿಪೇರಿಯವರನ್ನು ಕರೆಯುವ ಮೊದಲು ಎರಡು ನೋಡಿ. ಎಲೆಕ್ಟ್ರಿಕ್ ಷವರ್ ಆದರೆ ಬಚ್ಚಲಿನ ಸೂರಿನಿಂದ ನೇತಾಡುವ ದಾರವೊಂದನ್ನು ಎಳೆದು ಕೆಂಪು ದೀಪ ಹೊತ್ತಿಸಬೇಕು. ಗ್ಯಾಸ್ ಬಾಯ್ಲರ್ ಆದರೆ ಅದರ ಮುಳ್ಳು 1 ಮತ್ತು 1.5 ಬಾರ್ ನಡುವೆ ಇರಬೇಕು, ಅದಕ್ಕಿಂತ ಇಳಿದಿದ್ದರೆ ನೀರು ತುಂಬಿಸುವ ಕ್ರಮವನ್ನು ಏಜೆಂಟರಿಂದ ಕೇಳಿ ತಿಳಿಯಿರಿ.

ಮುಂದಿನ ಗಂಡಾಂತರ ಒಗ್ಗರಣೆ. 2022ರ ಫೆಬ್ರವರಿಯಿಂದ ಸ್ಕಾಟ್ಲೆಂಡಿನ ಪ್ರತಿ ಮನೆಯಲ್ಲೂ ಹೊಗೆಯ ಅಲಾರಂಗಳು ಒಂದಕ್ಕೊಂದು ಹೆಣೆದುಕೊಂಡಿರಬೇಕು. ಒಂದು ಕೂಗಿದರೆ ಎಲ್ಲವೂ ಕೂಗುತ್ತವೆ. ಅಡುಗೆಮನೆಯಲ್ಲಿರುವುದು ಬಿಸಿಗೆ ಕೂಗುವಂಥದ್ದು, ಅದು ಸಾಸಿವೆ ಸಿಡಿದರೆ ಸುಮ್ಮನಿರುತ್ತದೆ. ಹಜಾರದ್ದು ಹೊಗೆಗೆ ಕೂಗುವಂಥದ್ದು. ಆದ್ದರಿಂದ ಒಣಮೆಣಸಿನಕಾಯಿ ಹಾಕುವ ಮೊದಲು ಅಡುಗೆಮನೆಯ ಬಾಗಿಲು ಮುಚ್ಚಿ, ಕಿಟಕಿ ತೆರೆಯಿರಿ. ಅಲಾರಂ ಕಿತ್ತಿಡುವುದು, ಪ್ಲಾಸ್ಟಿಕ್ ಚೀಲ ಕಟ್ಟುವುದು ಬೇಡ.

ಅದೇ ದಿನ ಕ್ಲೋಸಿನ ಹೊರಬಾಗಿಲ ಬಝರಿನ ಪಕ್ಕ ನಿಮ್ಮ ಹೆಸರಿನ ಚೀಟಿ ಅಂಟಿಸಿ. ಅನೇಕ ಕಡೆ ಅಲ್ಲಿ ಮನೆ ಸಂಖ್ಯೆ ಇರುವುದಿಲ್ಲ, ಹೆಸರಷ್ಟೇ. ಹಳೆಯ ಬಾಡಿಗೆದಾರರ ಹೆಸರು ಹಾಗೇ ಬಿಟ್ಟರೆ ಬ್ಯಾಂಕ್ ಕಾರ್ಡೂ ಪಾರ್ಸೆಲ್ಲೂ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್.

ಮೊದಲ ವಾರದಲ್ಲೇ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆಯಲ್ಲಿ ವಾಸಿಸುವವರು ನಗರಸಭೆಗೆ ಕಟ್ಟುವ ತೆರಿಗೆಯ ವಿಚಾರ ಮುಗಿಸಿ. ಮನೆಯಲ್ಲಿರುವ ಎಲ್ಲರೂ ಪೂರ್ಣಾವಧಿ ವಿದ್ಯಾರ್ಥಿಗಳಾದರೆ ಪೂರ್ತಿ ವಿನಾಯಿತಿ, ಆದರೆ ಅರ್ಜಿ ಹಾಕದೆ ಬರುವುದಿಲ್ಲ. ಒಬ್ಬರು ವಿದ್ಯಾರ್ಥಿ, ಒಬ್ಬರು ಉದ್ಯೋಗಿ ಆದರೆ ಬಿಲ್ ಬರುತ್ತದೆ, ನಾಲ್ಕನೇ ಒಂದು ಪಾಲು ಕಡಿತ ಸಿಗುತ್ತದೆ. ಕೋರ್ಸ್ ಮುಗಿದ ದಿನಕ್ಕೆ ವಿನಾಯಿತಿಯೂ ಮುಗಿಯುತ್ತದೆ. ನೀರು, ಒಳಚರಂಡಿಯ ಶುಲ್ಕ ಇದೇ ಬಿಲ್ಲಿನಲ್ಲಿ ಸೇರಿದೆ, ಬೇರೆ ನೀರಿನ ಬಿಲ್ ಇಲ್ಲ. ಆ ನೀರು 1859ರಿಂದಲೂ ಲಾಕ್ ಕ್ಯಾಟ್ರಿನ್ ಸರೋವರದಿಂದ ಬರುವಂಥದ್ದು, ಬಹಳ ಮೆದು. ಕೆಟಲಿನಲ್ಲಿ ಬಿಳಿ ಹೊರೆ ಕಟ್ಟುವುದಿಲ್ಲ, ಬೇಳೆ ಬೇಗ ಬೇಯುತ್ತದೆ. ನಲ್ಲಿನೀರನ್ನೇ ಕುಡಿಯಿರಿ, ಬಾಟಲಿಗೆ ದುಡ್ಡು ಹಾಕಬೇಡಿ.

ಹತ್ತಿರದ ಜಿಪಿ, ಅಂದರೆ ಬಡಾವಣೆಯ ವೈದ್ಯರಲ್ಲಿ, ಕಾಯಿಲೆ ಬರುವ ಮೊದಲೇ ಹೆಸರು ಬರೆಸಿ. ಅವರು ಬರೆದ ಔಷಧಿಗೆ ಸ್ಕಾಟ್ಲೆಂಡಿನಲ್ಲಿ 2011ರಿಂದ ದುಡ್ಡಿಲ್ಲ. ಮತದಾರರ ಪಟ್ಟಿಗೂ ಸೇರಿ. ಕಾಮನ್‌ವೆಲ್ತ್ ದೇಶದವರಾದ್ದರಿಂದ ಭಾರತೀಯರಿಗೆ ಇಲ್ಲಿ ಮತವಿದೆ, ಆ ಪಟ್ಟಿಯಲ್ಲಿ ಹೆಸರಿದ್ದರೆ ಮುಂದೆ ಸಾಲ, ಮೊಬೈಲ್ ಪ್ಲಾನ್ ಕೇಳುವಾಗಲೂ ಅನುಕೂಲ.

ಕ್ಲೋಸಿನ ಮೆಟ್ಟಿಲು ಯಾರು ತೊಳೆಯುತ್ತಾರೆ ಎಂದು ಪಕ್ಕದ ಮನೆಯವರನ್ನು ಕೇಳಿ. ಕೆಲವು ಕಡೆ ಕಟ್ಟಡ ನೋಡಿಕೊಳ್ಳುವ "ಫ್ಯಾಕ್ಟರ್" ಆಳನ್ನು ಕಳಿಸುತ್ತಾರೆ, ಕೆಲವು ಕಡೆ ಸರದಿ. ಸೈಕಲ್, ರಟ್ಟಿನ ಡಬ್ಬ ಮೆಟ್ಟಿಲಲ್ಲಿ ಇಡಬೇಡಿ, ಬೆಂಕಿ ಬಿದ್ದರೆ ಎಂಟೂ ಮನೆಗೆ ಅದೊಂದೇ ದಾರಿ. ಹಿತ್ತಲಲ್ಲಿ ಬಟ್ಟೆ ಒಣಹಾಕಲು ಎಲ್ಲರಿಗೂ ಸೇರಿದ ಹುಲ್ಲುಜಾಗ, ಕಂಬಗಳಿವೆ, ಆದರೆ ಮಳೆಗೆ ಹೇಳುವವರಿಲ್ಲ. ಅಡುಗೆಮನೆಯ ಸೂರಿಗೆ ಹಗ್ಗದಲ್ಲಿ ಏರಿಳಿಸುವ, ಬಟ್ಟೆ ಒಣಹಾಕುವ ಮರದ ಚೌಕಟ್ಟು ಇದ್ದರೆ ಅದು "ಪುಲಿ", ಈ ಮನೆಗಳಲ್ಲಿ ಅದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬಿಸಿಗಾಳಿ ಮೇಲೇರುವುದರಿಂದ ರಾತ್ರಿ ಹಾಕಿದ್ದು ಬೆಳಿಗ್ಗೆಗೆ ಒಣಗುತ್ತದೆ. ದಿನಕ್ಕೆ ಹತ್ತು ನಿಮಿಷ ಕಿಟಕಿ ಮಾತ್ರ ತೆರೆಯಲೇಬೇಕು, ಹಿಮ ಬಿದ್ದರೂ.

ಮಾಲೀಕರು ಬಾಡಿಗೆ ಏರಿಸುವುದಾದರೆ ವರ್ಷಕ್ಕೆ ಒಂದೇ ಸಲ, ಅದೂ ಮೂರು ತಿಂಗಳು ಮೊದಲು ಬರೆದು ತಿಳಿಸಬೇಕು. ಹೆಚ್ಚಾಯಿತು ಎನಿಸಿದರೆ 21 ದಿನದೊಳಗೆ ಬಾಡಿಗೆ ಅಧಿಕಾರಿಗೆ ಬರೆಯಬಹುದು. ಈ ಊರಿನಲ್ಲಿ ಅದಕ್ಕೆ ಯಾರೂ ಮುಖ ಗಂಟಿಕ್ಕುವುದಿಲ್ಲ. 1915ರಲ್ಲಿ ಗಂಡಸರು ಯುದ್ಧಕ್ಕೆ ಹೋದ ಸಮಯ ನೋಡಿ ಬಾಡಿಗೆ ಏರಿಸಿದಾಗ ಗೋವನ್ನಿನ ಹೆಂಗಸರು ಮೇರಿ ಬಾರ್ಬರ್ ಮುಂದಾಳತ್ವದಲ್ಲಿ ಬಾಡಿಗೆ ಕಟ್ಟುವುದನ್ನೇ ನಿಲ್ಲಿಸಿದರು. ಮನೆ ಖಾಲಿ ಮಾಡಿಸಲು ಅಮೀನರು ಬಂದರೆ ಗಂಟೆ ಬಾರಿಸಿ ಕ್ಲೋಸಿನ ತುಂಬ ಜನ ಸೇರುತ್ತಿದ್ದರು. ಅದೇ ವರ್ಷ ಸರ್ಕಾರ ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟಕ್ಕೆ ಕಟ್ಟಿಹಾಕುವ ಕಾನೂನು ತಂದಿತು. ಗೋವನ್ ಸಬ್‌ವೇ ನಿಲ್ದಾಣದ ಹೊರಗೆ 2018ರಿಂದ ಆಕೆಯ ಪ್ರತಿಮೆಯಿದೆ.

ಕೊನೆಗೆ ಆ ಇಮೇಲ್. ಠೇವಣಿಯನ್ನು ಮಾಲೀಕರು ತಮ್ಮಲ್ಲಿ ಇಟ್ಟುಕೊಳ್ಳುವಂತಿಲ್ಲ. ಕರಾರು ಶುರುವಾದ 30 ಕೆಲಸದ ದಿನಗಳೊಳಗೆ ಸರ್ಕಾರ ಒಪ್ಪಿದ ಮೂರು ಸಂಸ್ಥೆಗಳಲ್ಲಿ ಒಂದರಲ್ಲಿ ಜಮೆ ಮಾಡಬೇಕು. ಶನಿವಾರ, ಭಾನುವಾರ ಕಳೆದರೆ ಅದು ಆರು ವಾರ. ಏಳನೇ ವಾರವೂ ಇಮೇಲ್ ಬರದೆ ಮೂರೂ ಸಂಸ್ಥೆಗಳಲ್ಲಿ ಹುಡುಕಿ, ಏಜೆಂಟರಿಗೆ ದಿನಾಂಕ ಸಮೇತ ಬರೆದ ಮೇಲೆ ಮೊನ್ನೆ ಬಂತು. ತಡವಾಗಿ ಕಟ್ಟಿದರೂ, ಕಟ್ಟದಿದ್ದರೂ ನ್ಯಾಯಮಂಡಳಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು, ಠೇವಣಿಯ ಮೂರು ಪಟ್ಟಿನವರೆಗೆ ಕೊಡಿಸುವ ಅಧಿಕಾರ ಅದಕ್ಕಿದೆ. ಮನೆ ಬಿಟ್ಟು ಮೂರು ತಿಂಗಳೊಳಗೆ ಅರ್ಜಿ ಹಾಕಬೇಕು. ಜಮೆಯಾದ ದಿನಾಂಕವಿರುವ ಆ ಇಮೇಲನ್ನು ಪ್ರಿಂಟ್ ತೆಗೆದು ಕರಾರಿನ ಜೊತೆಗೇ ಪಿನ್ ಹಾಕಿ ಇಡಿ. ವಿಶ್ವವಿದ್ಯಾಲಯದ ಇಮೇಲ್ ವಿಳಾಸ ಕೊಟ್ಟಿದ್ದರೆ ಕೋರ್ಸ್ ಮುಗಿಯುವ ಮೊದಲೇ ಅದನ್ನು ಬದಲಿಸಿ. ಠೇವಣಿ ವಾಪಸ್ ಕೇಳುವ ಕೊಂಡಿ ಅದೇ ವಿಳಾಸಕ್ಕೆ ಬರುತ್ತದೆ.